ಜಪಾನೀ ಚಿತ್ರಪಟದ ಕಿಮೋನೋಧಾರಿಣಿಯೂ ನಮ್ಮ ಚಿತ್ರಶಾಸ್ತ್ರವೂ

1. ವಿಷಯೋಪಕ್ರಮ

ಜಪಾನ್ ದೇಶದ ಚಿತ್ರಪಟಗಳಲ್ಲಿ ಲೋಕವೆಲ್ಲವೂ ಬಲ್ಲ ಒಂದು ರೂಪವುಂಟು. ಅಡಿಯವರೆಗೆ ಇಳಿದ ರೇಷ್ಮೆಯ ನಿಲುವಂಗಿಯನ್ನು ತೊಟ್ಟು, ನಡುವಿಗೆ ಅಗಲವಾದ ಪಟ್ಟಿಯನ್ನು ಬಿಗಿದು, ಮುಡಿಯನ್ನು ಕಟ್ಟಿಕೊಂಡು ಏಕಾಕಿನಿಯಾಗಿ ನಿಂತಿರುವ ಸ್ತ್ರೀಯ ರೂಪವೇ ಅದು. ಆ ನಿಲುವಂಗಿಗೆ ಕಿಮೋನೋ ಎಂದು ಹೆಸರು. ನಡುಪಟ್ಟಿಗೆ ಓಬಿ ಎನ್ನುವರು. ಕಿಮೋನೋ ಎಂಬ ಶಬ್ದಕ್ಕೆ 'ತೊಡುವ ವಸ್ತು' ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಇಂಥ ಚಿತ್ರವೊಂದು ನಮ್ಮ ವಿದ್ವಜ್ಜನರ ಕಣ್ಣಿಗೆ ಬಿದ್ದಾಗ ಎರಡು ಬಗೆಯ ಮಾತುಗಳು ಕೇಳಿಬರುವುವು. 'ಇದು ಪರದೇಶದ ವಸ್ತು. ನಮ್ಮ ಲಕ್ಷಣಗ್ರಂಥಗಳಿಗೂ ಇದಕ್ಕೂ ಏನು ಸಂಬಂಧ?' ಎಂದು ಕೆಲವರು ಪಕ್ಕಕ್ಕೆ ಸರಿಸುವರು. 'ಬೌದ್ಧಧರ್ಮದೊಡನೆ ನಮ್ಮ ಚಿತ್ರವಿದ್ಯೆಯೇ ಜಪಾನಿಗೆ ಹೋಯಿತಷ್ಟೆ. ಆದುದರಿಂದ ಇದೂ ನಮ್ಮದೇ' ಎಂದು ಮತ್ತೆ ಕೆಲವರು ಅಭಿಮಾನದಿಂದ ಸ್ವೀಕರಿಸುವರು. ಈ ಎರಡು ಪಕ್ಷಗಳೂ ವಿಚಾರವನ್ನು ತಾಳಲಾರವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ನಮ್ಮ ಶಾಸ್ತ್ರದಿಂದ ಈ ಚಿತ್ರವನ್ನು ಅಳೆಯಬಹುದು. ಆದರೆ ಅಳತೆಗೆ ಹೊಂದಿತೆಂಬ ಮಾತ್ರಕ್ಕೆ ಅದು ನಮ್ಮಿಂದ ಹುಟ್ಟಿತೆಂದು ಹೇಳಬಾರದು. ಜಪಾನಿನ ಚಿತ್ರವಿದ್ಯೆಗೂ ಕರ್ಣಾಟಕಕ್ಕೂ ಉಂಟಾದ ನಿಜವಾದ ಸಂಬಂಧವು ಬೇರೆಯ ಕಾಲದಲ್ಲಿ, ಬೇರೆಯ ದಾರಿಯಲ್ಲಿ, ಅವರಿಂದ ನಮ್ಮ ಕಡೆಗೆ ಬಂದುದು. ಅದನ್ನು ಕ್ರಮವಾಗಿ ನಿರೂಪಿಸುವೆವು.

2. ಮೊರೊನೊಬುವಿನ ಪಟ

ವಿಚಾರಕ್ಕೆ ಒಂದು ನಿರ್ದಿಷ್ಟವಾದ ಚಿತ್ರವನ್ನು ತೆಗೆದುಕೊಳ್ಳುವುದು ಲೇಸು. ಟೋಕಿಯೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹಿಷಿಕಾವಾ ಮೊರೊನೊಬು ಎಂಬ ಚಿತ್ರಕಾರನು ರೇಷ್ಮೆಯ ಮೇಲೆ ಬರೆದ ಒಂದು ತೂಗುಪಟವಿದೆ. 'ಹಿಂದಿರುಗಿ ನೋಡುವ ಸುಂದರಿ' ಎಂಬುದು ಅದರ ಹೆಸರಿನ ಅರ್ಥ. 1948ರಲ್ಲಿ ಜಪಾನ್ ಸರಕಾರವು ಇದನ್ನೇ ಅಂಚೆಯ ಚೀಟಿಯ ಮೇಲೆ ಅಚ್ಚು ಹಾಕಿಸಿದ ಕಾರಣ ಈ ಸುಂದರಿಯ ರೂಪವು ಎಲ್ಲೆಡೆಯಲ್ಲಿಯೂ ಹರಡಿತು. ಮೊರೊನೊಬು 1694ರಲ್ಲಿ ಈಗಿನ ಟೋಕಿಯೋ ಆಗಿರುವ ಎಡೋ ನಗರದಲ್ಲಿ ತೀರಿಕೊಂಡನು. ಆದುದರಿಂದ ಚಿತ್ರವು ಹದಿನೇಳನೆಯ ಶತಮಾನದ ಉತ್ತರಾರ್ಧದ್ದು.

ಪಟದಲ್ಲಿ ಹಿನ್ನೆಲೆಯೆಂಬುದೇ ಇಲ್ಲ. ಮನೆಯಿಲ್ಲ, ಮರವಿಲ್ಲ, ನೆಲದ ಗೆರೆಯೂ ಇಲ್ಲ. ಬರಿಯ ರೇಷ್ಮೆಯ ಮೇಲೆ ಕೆಂಪು ಕಿಮೋನೋ ತೊಟ್ಟ ತರುಣಿಯೊಬ್ಬಳು ನಡೆದುಹೋಗುತ್ತಿದ್ದವಳು ನಿಂತು ಹೆಗಲ ಮೇಲಿನಿಂದ ಹಿಂದಕ್ಕೆ ನೋಡುತ್ತಿರುವಳು. ಬಟ್ಟೆಯ ಮೇಲೆ ಚೆರಿ ಹೂವುಗಳಿಂದಲೂ ಸೇವಂತಿಗೆಗಳಿಂದಲೂ ರಚಿತವಾದ ಚಕ್ರಾಕಾರದ ಕುಸುರಿಯಿದೆ. ಹಸಿರು ಛಾಯೆಯ ಓಬಿಯ ಗಂಟು ಬೆನ್ನ ಮೇಲೆ ಎದ್ದು ಕಾಣುವುದು. ಆ ಗಂಟನ್ನು ಪ್ರಚಾರಕ್ಕೆ ತಂದವನು ಸ್ತ್ರೀಪಾತ್ರಗಳನ್ನು ಧರಿಸುತ್ತಿದ್ದ ಕಿಚಿಯಾ ಎಂಬ ನಟನು. ಅವನ ಹೆಸರಿನಿಂದಲೇ ಅದನ್ನು ಕರೆಯುವರು. ರಂಗಸ್ಥಳದಿಂದ ಬೀದಿಗೂ ಬೀದಿಯಿಂದ ಪಟಕ್ಕೂ ಅಲಂಕಾರವು ಹೇಗೆ ಸಂಚರಿಸಿತೆಂಬುದಕ್ಕೆ ಈ ಗಂಟೇ ಸಾಕ್ಷಿ.

ಮುಖವಾದರೋ ಚಿತ್ರದಲ್ಲಿ ಅತ್ಯಲ್ಪ. ಕಣ್ಣು ಒಂದು ಗೆರೆ, ಮೂಗು ಒಂದು ಗೆರೆ, ತುಟಿ ಒಂದು ಚುಕ್ಕೆ. ಚಿತ್ರಕಾರನ ಶ್ರದ್ಧೆಯೆಲ್ಲವೂ ವಸ್ತ್ರದಲ್ಲಿದೆ. ಇದಕ್ಕೆ ಅವನ ವಂಶವೃತ್ತಿಯೂ ಒಂದು ಕಾರಣವಾಗಿರಬಹುದು. ಮೊರೊನೊಬುವಿನ ಮನೆತನದವರು ಬಟ್ಟೆಯ ಮೇಲೆ ಕಸೂತಿಯನ್ನೂ ಚಿನ್ನದ ರೇಕಿನ ಕೆಲಸವನ್ನೂ ಮಾಡುತ್ತಿದ್ದವರು. ಬಾಲ್ಯದಿಂದ ಬಟ್ಟೆಯನ್ನು ಅಲಂಕರಿಸುವ ಕೈ ಬಲಿತವನು ಪಟವನ್ನು ಬರೆಯಲು ಕುಳಿತಾಗ ಬಟ್ಟೆಯನ್ನು ಮರೆಯಲಿಲ್ಲ.

ಕಿಮೋನೋವಿನ ರಚನೆಯನ್ನು ತಿಳಿಯದೆ ಈ ಚಿತ್ರದ ಮರ್ಮವು ತಿಳಿಯದು. ಸುಮಾರು 36 ಸೆಂಟಿಮೀಟರು ಅಗಲ, 12 ಮೀಟರು ಉದ್ದವಾದ ಒಂದೇ ಪಟ್ಟಿಯನ್ನು ನೇರವಾಗಿಯೇ ಕತ್ತರಿಸಿ, ಓರೆಗತ್ತರಿಯಿಲ್ಲದೆ ಹೊಲಿದು ಅದನ್ನು ಸಿದ್ಧಪಡಿಸುವರು. ಮೈಯ ಉಬ್ಬುತಗ್ಗುಗಳಿಗೆ ಹೊಂದುವಂತೆ ಅದನ್ನು ಹೊಲಿಯುವುದಿಲ್ಲ. ಒಗೆಯಬೇಕಾದಾಗ ಹೊಲಿಗೆಯನ್ನು ಬಿಚ್ಚಿ ಮರಳಿ ಪಟ್ಟಿಗಳನ್ನಾಗಿ ಮಾಡಿ, ಒಗೆದು, ಹರವಿ, ಮತ್ತೆ ಹೊಲಿಯುವ ಪದ್ಧತಿಯುಂಟು. ನಮ್ಮ ಸೀರೆಯು ಹೊಲಿಗೆಯಿಲ್ಲದುದಾದರೂ ನೆರಿಗೆಗಳಿಂದ ದೇಹವನ್ನು ಅನುಸರಿಸುವುದು. ಕಿಮೋನೋ ಹೊಲಿದುದಾದರೂ ದೇಹವನ್ನು ಮರೆಮಾಡಿ ತಾನೇ ಒಂದು ಸಮತಲವಾಗಿ ನಿಲ್ಲುವುದು. ಹೀಗಿರುವುದರಿಂದ ಚಿತ್ರಕಾರನಿಗೆ ಅದು ಪಟದೊಳಗಿನ ಇನ್ನೊಂದು ಪಟವಾಯಿತು.

3. ಲಕ್ಷಣಗ್ರಂಥಗಳ ಒರೆಗಲ್ಲು

ಇನ್ನು ಈ ಪಟವನ್ನು ನಮ್ಮ ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡೋಣ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ರೂಪವು ನಿಲ್ಲುವ ಒಂಬತ್ತು ಸ್ಥಾನಗಳನ್ನು ಹೇಳಿದೆ. ಎದುರಿಗೆ ನೇರವಾಗಿ ನಿಂತ ಋಜ್ವಾಗತವು ಮೊದಲನೆಯದು. ಬೆನ್ನು ಕಾಣುವಂತೆ ನಿಂತರೆ ಪೃಷ್ಠಾಗತ. ತಿರುಗಿ ನೋಡುವಂತಿದ್ದರೆ ಪರಾವೃತ್ತ. ಮೊರೊನೊಬುವಿನ ಸುಂದರಿಯಲ್ಲಿ ಈ ಎರಡೂ ಬೆರೆತಿವೆ. ದೇಹವು ಪೃಷ್ಠಾಗತಕ್ಕೆ ಹತ್ತಿರ, ಮುಖವು ಪರಾವೃತ್ತ. ಹೀಗೆ ನಮ್ಮ ಪರಿಭಾಷೆಯು ಆ ಚಿತ್ರದ ಭಂಗಿಯನ್ನು ಕ್ಲೇಶವಿಲ್ಲದೆ ಹೆಸರಿಸಬಲ್ಲುದು.

ಅದೇ ಗ್ರಂಥವು ಇನ್ನೂ ಒಂದು ಸ್ವಾರಸ್ಯವಾದ ಮಾತನ್ನು ಹೇಳುವುದು. ಅಲೆ, ಉರಿ, ಹೊಗೆ, ಬಾವುಟ, ವಸ್ತ್ರ ಮುಂತಾದುವನ್ನು ಗಾಳಿಯ ಗತಿಗೆ ತಕ್ಕಂತೆ ಬರೆಯಬಲ್ಲವನೇ ಚಿತ್ರವನ್ನು ಬಲ್ಲವನೆಂದು ಅದರ ಅಭಿಪ್ರಾಯ. ಚಿತ್ರದಲ್ಲಿ ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ನೆರಳುಬೆಳಕಿನ ವರ್ತನೆಯನ್ನೂ, ಸ್ತ್ರೀಯರು ಭೂಷಣವನ್ನೂ, ಇತರರು ಬಣ್ಣದ ಸಮೃದ್ಧಿಯನ್ನೂ ಮೆಚ್ಚುವರೆಂದೂ ಅಲ್ಲಿ ವಿಭಾಗಿಸಿದೆ. ಜಪಾನೀ ಪಟದಲ್ಲಿ ವರ್ತನೆಯು ಶೂನ್ಯವೆಂದರೆ ತಪ್ಪಿಲ್ಲ. ಕೆನ್ನೆಯ ಮೇಲೆ ನೆರಳಿಲ್ಲ, ನೆಲದ ಮೇಲೆ ಛಾಯೆಯಿಲ್ಲ. ಎಲ್ಲವೂ ರೇಖೆಯಿಂದಲೇ ಸಾಧ್ಯವಾಗಿದೆ. ಆಚಾರ್ಯರು ಹೊಗಳುವ ಗುಣವೇ ಇಲ್ಲಿ ಪ್ರಧಾನ. ರಾಜಾ ರವಿವರ್ಮನ (1848–1906) ತೈಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ನೋಡಿದವರಿಗೆ ಈ ಭೇದವು ಸುಲಭವಾಗಿ ತಿಳಿಯುವುದು. ಅಲ್ಲಿ ಸೀರೆಯ ಜರಿಯು ಬೆಳಕಿನಿಂದ ಹೊಳೆಯುವುದು. ಇಲ್ಲಿ ಬಟ್ಟೆಯು ಗೆರೆಯಿಂದ ಜೀವಿಸುವುದು.

ನಮ್ಮ ನಾಡಿನಲ್ಲಿಯೇ ಹುಟ್ಟಿದ ಮಾನಸೋಲ್ಲಾಸವು ಇನ್ನೂ ಹತ್ತಿರದ ಸಾಕ್ಷಿ. ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು (ಆಳಿಕೆ 1126–1138) ರಚಿಸಿದ ಈ ಗ್ರಂಥಕ್ಕೆ ಅಭಿಲಷಿತಾರ್ಥಚಿಂತಾಮಣಿ ಎಂದೂ ಹೆಸರುಂಟು. ಇದರಲ್ಲಿ ಚಿತ್ರವನ್ನು ಕನ್ನಡಿಯ ಪ್ರತಿಬಿಂಬದಂತೆ ಸದೃಶವಾದ ವಿದ್ಧ, ಮನಸ್ಸಿನಲ್ಲಿ ಕಲ್ಪಿಸಿ ಬರೆದ ಅವಿದ್ಧ, ನೋಡಿದೊಡನೆ ಶೃಂಗಾರಾದಿಗಳನ್ನು ತೋರಿಸುವ ಭಾವಚಿತ್ರ, ದ್ರವರೂಪದ ಬಣ್ಣಗಳ ರಸಚಿತ್ರ, ಪುಡಿಯ ಬಣ್ಣಗಳ ಧೂಳಿಚಿತ್ರವೆಂದು ವಿಭಾಗಿಸಿದೆ. ಮೊರೊನೊಬು ಬರೆದವಳು ಇಂಥವಳೆಂದು ಹೆಸರುಳ್ಳ ವ್ಯಕ್ತಿಯಲ್ಲ. ಆ ಕಾಲದ ತರುಣಿಯ ಒಂದು ಆದರ್ಶರೂಪ. ಆದುದರಿಂದ ಅದು ವಿದ್ಧವಾಗದೆ ಅವಿದ್ಧವೂ ಭಾವಚಿತ್ರವೂ ಆಗುವುದು.

ಬಣ್ಣಗಳ ಪ್ರಕರಣದಲ್ಲಿಯಂತೂ ಸಾಮ್ಯವು ಆಶ್ಚರ್ಯವನ್ನು ಹುಟ್ಟಿಸುವಂತಿದೆ. ಸೋಮೇಶ್ವರನು ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೇಯಿಸಿ ಮಾಡುವ ವಜ್ರಲೇಪವೆಂಬ ಅಂಟನ್ನು ವಿಧಿಸುವನು. ಬಿಳುಪಿಗೆ ಶಂಖ, ಕೆಂಪಿಗೆ ದರದವೆಂಬ ಇಂಗಳೀಕ, ಹಳದಿಗೆ ಹರಿತಾಳ, ಕಪ್ಪಿಗೆ ಕಜ್ಜಳವನ್ನು ಹೇಳುವನು. ಜಪಾನಿನವರೂ ಪ್ರಾಣಿಗಳ ಚರ್ಮವನ್ನು ಬೇಯಿಸಿದ ಅಂಟನ್ನೇ ಬಳಸುವರು. ಅದಕ್ಕೆ ನಿಕಾವಾ ಎಂದು ಹೆಸರು. ಬಿಳುಪಿಗೆ ಚಿಪ್ಪಿನ ಪುಡಿ, ಕೆಂಪಿಗೆ ಇಂಗಳೀಕ, ಕಪ್ಪಿಗೆ ದೀಪದ ಮಸಿ. ಹಸಿರು ನೀಲಿಗಳನ್ನು ತಾಮ್ರದ ಅದುರುಕಲ್ಲುಗಳನ್ನು ಅರೆದು ಪಡೆಯುವರು.

4. ಸಾದೃಶ್ಯವು ಸಂಬಂಧಕ್ಕೆ ಪ್ರಮಾಣವಲ್ಲ

ಇಲ್ಲಿಗೆ ಬಂದ ವಾಚಕನು 'ಹಾಗಾದರೆ ಎರಡನೆಯ ಪಕ್ಷವೇ ಗೆದ್ದಿತಲ್ಲ. ಭಂಗಿಯೂ ಹೊಂದಿತು, ಬಣ್ಣವೂ ಹೊಂದಿತು' ಎನ್ನಬಹುದು. ಆದರೆ ಸಾದೃಶ್ಯವೊಂದು, ಕಾರ್ಯಕಾರಣಸಂಬಂಧವೊಂದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವನ್ನು ಕಲ್ಪಿಸಬಾರದೆಂದು ನಮ್ಮ ನೈಯಾಯಿಕರು ಬಾಲಕರಿಗೂ ಕಲಿಸಿರುವರು. ಚಿಪ್ಪು ಬೆಳ್ಳಗಿರುವುದೂ, ಮಸಿ ಕಪ್ಪಗಿರುವುದೂ, ಚರ್ಮವನ್ನು ಬೇಯಿಸಿದರೆ ಅಂಟಾಗುವುದೂ ವಸ್ತುಸ್ವಭಾವ. ಅದನ್ನು ಕಾಣಲು ಒಬ್ಬರು ಇನ್ನೊಬ್ಬರಿಗೆ ಶಿಷ್ಯರಾಗಬೇಕಾಗಿಲ್ಲ.

ಇಂಥ ಅವಸರದ ಊಹೆಗೆ ಪ್ರಸಿದ್ಧವಾದ ಉದಾಹರಣೆಯೊಂದುಂಟು. ಕಾಮಸೂತ್ರಕ್ಕೆ ಜಯಮಂಗಲಾ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರಕ್ಕೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗವೆಂಬ ಆರು ಅಂಗಗಳನ್ನು ಹೇಳಿರುವನು. ಚೀನಾದಲ್ಲಿ ಷಿಯೆ ಹೋ ಎಂಬ ವಿಮರ್ಶಕನೂ ಚಿತ್ರಕ್ಕೆ ಆರು ಸೂತ್ರಗಳನ್ನು ಹೇಳಿರುವನು. ಆರಕ್ಕೆ ಆರು ಹೊಂದಿತೆಂದು ಚೀನಾದವರು ನಮ್ಮಿಂದ ಕಲಿತರೆಂದು ಹೇಳಿದವರುಂಟು. ಆದರೆ ಷಿಯೆ ಹೋ ಕ್ರಿ. ಶ. 500ರ ಸುಮಾರಿನವನು, ಯಶೋಧರನನ್ನು ಹದಿಮೂರನೆಯ ಶತಮಾನದವನೆಂದು ವಿದ್ವಾಂಸರು ಎಣಿಸುವರು. ಯಶೋಧರನ ಮಾತಿಗೆ ಹಳೆಯ ಮೂಲವಿದ್ದಿತೆಂದು ವಾದಿಸಬಹುದು. ಆದರೆ ವಾದವು ಪ್ರಮಾಣವಾಗದು. ಮೇಲಾಗಿ ಎರಡು ಪಟ್ಟಿಗಳಲ್ಲಿ ಸಂಖ್ಯೆಯು ಹೊಂದಿದಷ್ಟು ವಿಷಯವು ಹೊಂದುವುದಿಲ್ಲ.

ಹಾಗೆಂದು ಭಾರತದಿಂದ ಜಪಾನಿಗೆ ಏನೂ ಹೋಗಲಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ದಕ್ಷಿಣ ಭಾರತದವನೆಂದು ಪ್ರಸಿದ್ಧನಾದ ಬೋಧಿಸೇನನೆಂಬ ಭಿಕ್ಷುವು 736ರಲ್ಲಿ ಜಪಾನನ್ನು ಸೇರಿದನು. 752ರಲ್ಲಿ ನಾರಾ ನಗರದ ಮಹಾಬುದ್ಧವಿಗ್ರಹದ ಪ್ರತಿಷ್ಠೆಯಾದಾಗ ಕುಂಚವನ್ನು ಹಿಡಿದು ಆ ವಿಗ್ರಹಕ್ಕೆ ಕಣ್ಣನ್ನು ಬರೆದವನು ಇವನೇ. ನಮ್ಮ ಆಗಮಗಳು ನಯನೋನ್ಮೀಲನವೆಂದು ಕರೆಯುವ ವಿಧಿಯೇ ಇದಲ್ಲವೇ! ಆಗ ಇತ್ತ ಬಾದಾಮಿಯ ಚಳುಕ್ಯರ ಪ್ರಭುತ್ವವು ಅಸ್ತಮಿಸಿ ರಾಷ್ಟ್ರಕೂಟರು ತಲೆಯೆತ್ತುತ್ತಿದ್ದರು. ನಾರಾಕ್ಕೆ ಸಮೀಪದ ಹೋರ್ಯೂಜಿ ವಿಹಾರದ ಸುವರ್ಣಮಂದಿರದ ಭಿತ್ತಿಚಿತ್ರಗಳು ಅಜಂತೆಯ ಚಿತ್ರಗಳನ್ನು ನೆನಪಿಗೆ ತರುವುವೆಂದು ಅವನ್ನು ಕಂಡವರು ಒಕ್ಕೊರಲಿನಿಂದ ಹೇಳಿರುವರು. ಅವು 1949ರ ಜನವರಿ 26ರಂದು ಬೆಂಕಿಗೆ ಸಿಕ್ಕಿ ಹಾಳಾದುವು. ಆದರೆ ಆ ಸಂಬಂಧವು ಮಧ್ಯ ಏಷ್ಯ, ಚೀನಾ, ಕೊರಿಯಗಳನ್ನು ದಾಟಿ ಹೋದುದು. ಅದರ ವಸ್ತು ಬುದ್ಧ, ಬೋಧಿಸತ್ತ್ವ. ಕಿಮೋನೋಧಾರಿಣಿಯಾದ ಲೌಕಿಕಸ್ತ್ರೀಯು ಅದರಲ್ಲಿಲ್ಲ.

ಆ ಸ್ತ್ರೀಯ ಚಿತ್ರವು ಬೆಳೆದುದು ಜಪಾನು ತನ್ನ ಬಾಗಿಲನ್ನು ಮುಚ್ಚಿಕೊಂಡ ಕಾಲದಲ್ಲಿ. ಈ ಲೇಖಕನ ವಾಸಸ್ಥಳವಾದ ಬಸವಾಪಟ್ಟಣದ ಇತಿಹಾಸದೊಡನೆ ಇಟ್ಟು ನೋಡಿದರೆ ಆ ಕಾಲವು ನಮ್ಮವರಿಗೆ ಚೆನ್ನಾಗಿ ಮನದಟ್ಟಾಗುವುದು. ಮುಂದೆ ಸಂತೆಬೆನ್ನೂರಿನವರೆಂದೂ ತರೀಕೆರೆಯವರೆಂದೂ ಹೆಸರಾದ ಪಾಳೆಯಗಾರರಿಗೆ ಮೊದಲಿನ ನೆಲೆ ಬಸವಾಪಟ್ಟಣ. 1630ರ ದಶಕದ ಕೊನೆಯಲ್ಲಿ ಬಿಜಾಪುರದ ರಣದುಲ್ಲಾಖಾನನ ಸೈನ್ಯವು ಈ ಸೀಮೆಗೆ ನುಗ್ಗಿತು. ಅದೇ ದಶಕದಲ್ಲಿ ಜಪಾನಿನ ಅಧಿಪತಿಗಳು ತಮ್ಮ ಪ್ರಜೆಗಳು ಪರದೇಶಕ್ಕೆ ಹೋಗಕೂಡದೆಂದು ಆಜ್ಞೆ ಮಾಡಿ, 1639ರಲ್ಲಿ ಪೋರ್ಚುಗೀಜರನ್ನು ಹೊರದೂಡಿದರು. ಅಂದಿನಿಂದ 1854ರವರೆಗೆ, ನಾಗಸಾಕಿಯಲ್ಲಿ ಡಚ್ಚರಿಗೂ ಚೀನೀಯರಿಗೂ ಬಿಟ್ಟ ಕಿರುದಾರಿಯೇ ಮೊದಲಾದ ಕೆಲವನ್ನುಳಿದು, ಹೊರಗಿನ ಸಂಪರ್ಕವೇ ಇರಲಿಲ್ಲ. ಮೊರೊನೊಬು ಎಡೋ ನಗರದಲ್ಲಿ ಸುಂದರಿಯರನ್ನು ಬರೆಯುತ್ತಿದ್ದಾಗ ಇತ್ತ ಕೆಳದಿಯಲ್ಲಿ ಚೆನ್ನಮ್ಮಾಜಿಯು ಆಳುತ್ತಿದ್ದಳು. ಅವಳ ದತ್ತುಪುತ್ರನಾದ ಬಸವಪ್ಪನಾಯಕನು 1709ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರದಲ್ಲಿ ಚಿತ್ರವಿದ್ಯೆಗೂ ಸ್ಥಾನವುಂಟು. ಒಂದೇ ತಲೆಮಾರಿನಲ್ಲಿ ಅಲ್ಲಿ ಒಬ್ಬನು ಹೊಸ ರೂಪವನ್ನು ಬರೆದನು; ಇಲ್ಲಿ ಒಬ್ಬನು ಹಳೆಯ ಲಕ್ಷಣವನ್ನು ಸಂಗ್ರಹಿಸಿದನು. ಇವರಲ್ಲಿ ಒಬ್ಬರ ಸುದ್ದಿಯು ಇನ್ನೊಬ್ಬರಿಗೆ ಮುಟ್ಟುವ ಮಾರ್ಗವೇ ಇರಲಿಲ್ಲ. ಆದುದರಿಂದ ಕಿಮೋನೋಧಾರಿಣಿಯು ಎಡೋ ನಗರದ ಮಗಳೇ ಹೊರತು ಅಜಂತೆಯ ಮೊಮ್ಮಗಳಲ್ಲ.

5. ಆ ರೂಪದ ಮುಂದಿನ ಚರಿತ್ರೆ

ಮೊರೊನೊಬುವಿನ ತರುವಾಯ ಈ ರೂಪವು ಮರದ ಅಚ್ಚಿನ ಮೂಲಕ ಜನಸಾಮಾನ್ಯರ ಕೈಸೇರಿತು. 1765ರಲ್ಲಿ ಸುಜುಕಿ ಹರುನೊಬುವಿನ ಕಾಲಕ್ಕೆ ಅನೇಕ ಬಣ್ಣಗಳ ಮುದ್ರಣವು ಸಿದ್ಧಿಸಿತು. ಕಿತಗಾವಾ ಉತಮಾರೊ (ಮರಣ 1806) ಮುಖವನ್ನೂ ಎದೆಯ ಭಾಗವನ್ನೂ ಮಾತ್ರ ದೊಡ್ಡದಾಗಿ ಬರೆದು ಪ್ರಸಿದ್ಧನಾದನು. ಇವನ ಸುಂದರಿಯರಲ್ಲಿ ಅನೇಕರು ಯೋಷಿವಾರಾ ಎಂಬ ಗಣಿಕೆಯರ ಪೇಟೆಯವರು. ನಮ್ಮ ಆಲಂಕಾರಿಕರ ಭಾಷೆಯಲ್ಲಿ ಸಾಮಾನ್ಯನಾಯಿಕೆಯರು. ಆ ಪೇಟೆಯಲ್ಲಿದ್ದವರು ಬಹುಮಟ್ಟಿಗೆ ಬಡತನದಿಂದ ಬಾಲ್ಯದಲ್ಲಿಯೇ ಮಾರಲ್ಪಟ್ಟವರೆಂಬುದನ್ನು ಬಟ್ಟೆಯ ಬೆಡಗಿನಲ್ಲಿ ಮರೆಯಬಾರದು.

ಬಾಗಿಲು ತೆರೆದ ಮೇಲೆ ಈ ಅಚ್ಚುಚಿತ್ರಗಳು ಪಶ್ಚಿಮಕ್ಕೆ ಹೋಗಿ ಅಲ್ಲಿನ ಚಿತ್ರಕಾರರನ್ನು ಮರುಳುಮಾಡಿದುವು. ಫ್ರಾನ್ಸಿನ ಮೊನೆ ಎಂಬವನು 1876ರಲ್ಲಿ ತನ್ನ ಹೆಂಡತಿಗೇ ಕಿಮೋನೋ ತೊಡಿಸಿ ಚಿತ್ರಿಸಿದನು. ಜಪಾನಿನಲ್ಲಿಯೇ ಈ ರೂಪಕ್ಕೆ ಹೊಸ ಗೌರವವನ್ನು ತಂದವರಲ್ಲಿ ಊಎಮುರಾ ಷೋಯೆನ್ (1875–1949) ಎಂಬ ಚಿತ್ರಕರ್ತೃಯು ಮುಖ್ಯಳು. ಪುರುಷರು ನೋಡಿ ಬರೆದ ಸ್ತ್ರೀಯನ್ನು ಇವಳು ಸ್ತ್ರೀಯಾಗಿಯೇ ನಿಂತು ಬರೆದಳು. ನೃತ್ಯದ ಗಂಭೀರಗತಿಯಲ್ಲಿ ಬೀಸಣಿಗೆಯನ್ನು ಹಿಡಿದು ನಿಂತ ಕನ್ಯೆಯ ಚಿತ್ರ (1936) ಅವಳ ಕೃತಿಗಳಲ್ಲಿ ಶ್ರೇಷ್ಠವಾದುದು. 1948ರಲ್ಲಿ ಆ ದೇಶದ ಸಂಸ್ಕೃತಿಪದಕವನ್ನು ಪಡೆದ ಸ್ತ್ರೀಯರಲ್ಲಿ ಇವಳೇ ಮೊದಲಿಗಳು. ಕಬುರಾಕಿ ಕಿಯೊಕಾತಾ (1878–1972) 1927ರಲ್ಲಿ ಬರೆದ ಸುಂದರಿಯೂ ಹಿಂದಿರುಗಿಯೇ ನೋಡುವಳು. ಬಹುಕಾಲ ಕಣ್ಮರೆಯಾಗಿದ್ದ ಆ ಪಟವನ್ನು 2019ರಲ್ಲಿ ಟೋಕಿಯೋ ನಗರದ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವು ಪಡೆದುಕೊಂಡಿತು. ಎರಡೂವರೆ ಶತಮಾನಗಳು ಕಳೆದರೂ ಆ ಪರಾವೃತ್ತಭಂಗಿಯು ಮಾಸಲಿಲ್ಲ.

6. ಜಪಾನಿನ ಕುಂಚವು ಕರ್ಣಾಟಕಕ್ಕೆ ಬಂದುದು

ಇನ್ನು ನಿಜವಾದ ಸಂಬಂಧದ ವಿಚಾರ. 1902ರಲ್ಲಿ ಒಕಕುರಾ ಕಕುಜೊ ಎಂಬ ಜಪಾನೀ ಪಂಡಿತನು ಕಲ್ಕತ್ತೆಗೆ ಬಂದು ಠಾಕೂರರ ಮನೆತನದ ಸ್ನೇಹವನ್ನು ಸಂಪಾದಿಸಿದನು. ಮರುವರ್ಷ ಅವನ ಪ್ರೇರಣೆಯಿಂದ ಯೊಕೊಯಾಮಾ ತಾಯ್ಕಾನ್, ಹಿಷಿದಾ ಷುನ್ಸೋ ಎಂಬ ಇಬ್ಬರು ಚಿತ್ರಕಾರರು ಬಂದು ಕೆಲವು ತಿಂಗಳು ಅಲ್ಲಿದ್ದರು. ಇವರು ಗಡಸಾದ ಗೆರೆಯನ್ನು ಬಿಟ್ಟು ಮಂಜು ಕವಿದಂತೆ ಬಣ್ಣವನ್ನು ಹರಡುವ ಹೊಸ ಕ್ರಮವನ್ನು ಹಿಡಿದಿದ್ದವರು. ಅದಕ್ಕಾಗಿ ಸ್ವದೇಶದಲ್ಲಿ ಬೈಸಿಕೊಂಡವರೂ ಹೌದು. ಅವನೀಂದ್ರನಾಥ ಠಾಕೂರರು (1871–1951) ತಾಯ್ಕಾನನು ನೀರಿನ ಕುಂಚದಿಂದ ಚಿತ್ರವನ್ನು ತೇವಗೊಳಿಸುವುದನ್ನು ಕಂಡರು. ಕಂಡುದನ್ನು ಹಾಗೆಯೇ ಅನುಕರಿಸದೆ, ಬಣ್ಣ ಹಾಕಿದ ಹಾಳೆಯನ್ನೇ ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಹಾಕಿ, ಮತ್ತೆ ಅದ್ದುವ ವಿಧಾನವನ್ನು ರೂಢಿಸಿದರು. ಬಂಗಾಳದ ಚಿತ್ರಪದ್ಧತಿಯಲ್ಲಿ 'ವಾಷ್' ಎಂದು ಹೆಸರಾದ ಕ್ರಮವಿದು. 1905ರ ಅವರ ಭಾರತಮಾತೆಯ ಚಿತ್ರದಲ್ಲಿ ಕಾಣುವ ಮೃದುವಾದ ಕಾಂತಿಗೆ ಈ ವಿಧಾನವೇ ಕಾರಣ.

ಆ ಕಾಲದಲ್ಲಿ ಮೈಸೂರು ಸೀಮೆಯೂ ಜಪಾನಿನ ಕಡೆಗೆ ಕಣ್ಣಿಟ್ಟಿತ್ತು. ಜಮ್‌ಷೇಟ್‌ಜಿ ಟಾಟಾರವರು ಬೆಂಗಳೂರಿನಲ್ಲಿ ಸ್ಥಾಪಿಸಿದ ರೇಷ್ಮೆಯ ತೋಟದಲ್ಲಿ ಜಪಾನೀ ನಿಪುಣರು ಹುಳುಸಾಕಣೆಯನ್ನೂ ನೂಲು ಬಿಚ್ಚುವುದನ್ನೂ ಕಲಿಸಿದರು; ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಿನಲ್ಲಿ ಅದರ ನೆನಪು ಈಗಲೂ ಉಳಿದಿದೆ. ಕಿಮೋನೋವಿನ ನೂಲು ಒಂದು ದಾರಿಯಿಂದ ಬಂದರೆ, ಕಿಮೋನೋವನ್ನು ಬರೆದ ದೇಶದ ಕುಂಚವು ಇನ್ನೊಂದು ದಾರಿಯಿಂದ ಬಂದಿತು.

ಆ ಎರಡನೆಯ ದಾರಿಯೇ ಕೆ. ವೆಂಕಟಪ್ಪನವರು (1886–1965). ಮೈಸೂರಿನ ಆಸ್ಥಾನಚಿತ್ರಕಾರರ ವಂಶದಲ್ಲಿ ಹುಟ್ಟಿದ ಇವರು ಅರಮನೆಯ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರಲ್ಲಿ ಶಿಷ್ಯವೃತ್ತಿಯನ್ನು ಮಾಡಿದರು. ನಂದಲಾಲ ಬಸು ಮೊದಲಾದವರು ಇವರ ಸಹಾಧ್ಯಾಯಿಗಳು. ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥಕ್ಕೆ (1913) ಚಿತ್ರಗಳನ್ನು ಬರೆದವರಲ್ಲಿ ವೆಂಕಟಪ್ಪನವರೂ ಒಬ್ಬರು. ಮೈಸೂರಿನ ಸಾಂಪ್ರದಾಯಿಕ ಪಟಗಳಲ್ಲಿ ಗೆರೆಯು ಖಚಿತ, ಬಣ್ಣವು ಗಾಢ, ಚಿನ್ನದ ರೇಕು ಪ್ರಧಾನ. ಆ ಮನೆಯಲ್ಲಿ ಹುಟ್ಟಿದವರ ಕೈಯಲ್ಲಿ ತೆಳುಬಣ್ಣದ ತೇಲಿಕೆಯು ಕಾಣಿಸಿಕೊಂಡುದು ನಮ್ಮ ಚಿತ್ರದ ಚರಿತ್ರೆಯಲ್ಲಿ ಸಾಮಾನ್ಯವಾದ ಘಟನೆಯಲ್ಲ. ಮುಂದೆ ಉದಕಮಂಡಲ, ಕೊಡೈಕನಾಲುಗಳ ಬೆಟ್ಟಗಳನ್ನೂ ಮಂಜನ್ನೂ ಅವರು ಜಲವರ್ಣದಲ್ಲಿ ಬರೆದಾಗ ಕಲಿತ ವಿಧಾನಕ್ಕೆ ತಮ್ಮದೇ ಆದ ಕಟ್ಟುನಿಟ್ಟಾದ ಪ್ರಕೃತಿನಿರೀಕ್ಷಣೆಯನ್ನು ಬೆರೆಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯಲ್ಲಿ ಇವನ್ನು ಕಾಣಬಹುದು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹೀಗೆ ಬಂದುದು ಜಪಾನೀ ಸ್ತ್ರೀಯ ರೂಪವಲ್ಲ, ಬಣ್ಣವನ್ನು ನಡೆಸುವ ಒಂದು ರೀತಿ. ಅದೂ ನೇರವಾಗಿ ಬರಲಿಲ್ಲ. ತಾಯ್ಕಾನನಿಂದ ಅವನೀಂದ್ರನಾಥರಿಗೆ ಬರುವಾಗ ಒಮ್ಮೆ ಮಾರ್ಪಟ್ಟಿತು; ಅವರಿಂದ ವೆಂಕಟಪ್ಪನವರಿಗೆ ಬಂದು ಮೈಸೂರಿನ ಕೈಗೆ ಹೊಂದುವಾಗ ಇನ್ನೊಮ್ಮೆ ಮಾರ್ಪಟ್ಟಿತು. ವ್ಯಕ್ತಿಗಳ ಹೆಸರು, ಸ್ಥಳ, ವರ್ಷ, ವಿಧಾನ ಎಲ್ಲವೂ ತಿಳಿದಿರುವ ಇಂಥ ಸಂಬಂಧಕ್ಕೇ ಚರಿತ್ರೆಯಲ್ಲಿ ಸಂಬಂಧವೆಂದು ಹೆಸರು.

7. ಉಪಸಂಹಾರ

ಮೇಲೆ ವಿವೇಚಿಸಿದುದರ ಸಾರಾಂಶವಿಷ್ಟು. ಪ್ರಾಚೀನಕಾಲದಲ್ಲಿ ಭಾರತದ ಬೌದ್ಧಚಿತ್ರವು ಬಹುದೂರದ ದಾರಿಯಲ್ಲಿ ಜಪಾನನ್ನು ಮುಟ್ಟಿತು. ಮಧ್ಯಕಾಲದಲ್ಲಿ ಬಾಗಿಲು ಮುಚ್ಚಿದ ಆ ನಾಡಿನೊಳಗೆ ಕಿಮೋನೋಧಾರಿಣಿಯಾದ ಸ್ತ್ರೀಯ ಚಿತ್ರವು ಸ್ವತಂತ್ರವಾಗಿ ಬೆಳೆಯಿತು. 1903ರಿಂದ ಈಚೆಗೆ ಅಲ್ಲಿನ ವರ್ಣವಿಧಾನವು ಕಲ್ಕತ್ತೆಯ ಮೂಲಕ ಮೈಸೂರಿನ ಚಿತ್ರಕಾರನೊಬ್ಬನನ್ನು ಮುಟ್ಟಿತು. ಈ ಮೂರನ್ನು ಒಂದರೊಡನೊಂದು ಕಲಸಿದರೆ ಅಭಿಮಾನವು ತೃಪ್ತಿಗೊಂಡರೂ ಚರಿತ್ರೆಯು ಕೆಡುವುದು.

ಹಾಗಾದರೆ ನಮ್ಮ ಚಿತ್ರಶಾಸ್ತ್ರಕ್ಕೆ ಇಲ್ಲಿ ಏನು ಕೆಲಸ? ಪರಾವೃತ್ತ, ರೇಖಾ, ವರ್ತನಾ, ಅವಿದ್ಧ, ಭಾವಚಿತ್ರ ಎಂಬ ಶಬ್ದಗಳು ಎಡೋ ನಗರದ ಪಟದ ಮುಂದೆ ನಿಂತಾಗಲೂ ನಮಗೆ ಕಣ್ಣನ್ನು ಕೊಡುತ್ತವೆ. ಅನ್ಯದೇಶದ ವಸ್ತುವನ್ನು ತನ್ನದೆಂದು ಸಾಧಿಸದೆಯೇ ಅದರ ಗುಣವನ್ನು ತಿಳಿಯಗೊಡುವ ಶಾಸ್ತ್ರವು ನಿಜವಾಗಿಯೂ ದೊಡ್ಡದು. ಅಕ್ಕಸಾಲಿಗನ ಒರೆಗಲ್ಲು ಪರರ ಚಿನ್ನದ ಬೆಲೆಯನ್ನು ಹೇಳುವುದೇ ಹೊರತು ಆ ಚಿನ್ನವು ತನ್ನ ಗಣಿಯದೆಂದು ಹೇಳುವುದಿಲ್ಲ. ಸೋಮೇಶ್ವರನೂ ಬಸವಪ್ಪನಾಯಕನೂ ನಮಗೆ ಬಿಟ್ಟುಹೋಗಿರುವುದು ಅಂಥ ಒರೆಗಲ್ಲು. ಅದನ್ನು ಮೂಲೆಯಲ್ಲಿರಿಸದೆ ಬಳಸುವುದೂ, ಬಳಸುವಾಗ ಅದರ ಮಿತಿಯನ್ನು ಅರಿತಿರುವುದೂ ನಮ್ಮ ಕರ್ತವ್ಯವೆಂದು ವಾಚಕರಲ್ಲಿ ವಿಜ್ಞಾಪಿಸುವೆವು.